ಪಿಂಡವಿಚಾರ: ವಚನ, ಶಾಸ್ತ್ರ ಮತ್ತು ಬಯಕೆಯ ಹಾಡು

ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ 'ವಚನಶಾಸ್ತ್ರಸಾರ'ದ ಮೊದಲನೆಯ ಭಾಗವನ್ನು ಪ್ರಕಟಿಸಿದಂದಿನಿಂದ ಶರಣರ ವಚನಗಳನ್ನು ಹಲವು ದೃಷ್ಟಿಗಳಿಂದ ಓದುತ್ತ ಬಂದಿದ್ದೇವೆ. ತತ್ತ್ವದೃಷ್ಟಿಯ ಓದು, ಸಮಾಜದೃಷ್ಟಿಯ ಓದು, ಕಾವ್ಯದೃಷ್ಟಿಯ ಓದು ಇವು ಮೂರೂ ತಮ್ಮ ತಮ್ಮ ಎಡೆಯಲ್ಲಿ ಫಲಕಾರಿಯಾಗಿವೆ. ಈಚಿನ ವರ್ಷಗಳಲ್ಲಿ ನಾಲ್ಕನೆಯದೊಂದು ಸೇರಿದೆ. ಅದನ್ನು ವಿಜ್ಞಾನದೃಷ್ಟಿಯ ಓದು ಎಂದು ಕರೆಯುತ್ತಾರೆ. ಗರ್ಭದಲ್ಲಿ ಶಿಶು ಬೆಳೆಯುವ ಕ್ರಮವನ್ನು ಯಂತ್ರಗಳ ನೆರವಿಲ್ಲದೆಯೇ ಶರಣರು ಕಂಡಿದ್ದರು, ಇಂದಿನ ವೈದ್ಯರು ಹೇಳುವುದೆಲ್ಲ ವಚನಗಳಲ್ಲಿ ಅಡಗಿದೆ ಎಂಬ ಮಾತು ಪ್ರವಚನಗಳಲ್ಲಿಯೂ ಅಭಿನಂದನ ಗ್ರಂಥಗಳಲ್ಲಿಯೂ ಆಗಾಗ ಕಾಣಿಸಿಕೊಳ್ಳುತ್ತಿದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳ ಶಾಲೆಗಳಲ್ಲಿ ಕನ್ನಡ ಪಾಠ ಹೇಳಿದ ನನಗೆ ಈ ಮಾತು ಹೊಸದಲ್ಲ. ಇದನ್ನು ಹೇಳುವವರ ಭಕ್ತಿ ಪ್ರಶ್ನಾತೀತವಾದುದು. ಆದರೆ ಆ ಹೇಳಿಕೆ ವಚನಗಳಿಗೆ ನ್ಯಾಯ ಸಲ್ಲಿಸುತ್ತದೆಯೇ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರ. 'ಪಿಂಡ' ಎಂಬ ಒಂದೇ ಪದ ನಮ್ಮ ಗ್ರಂಥಗಳಲ್ಲಿ ಬೇರೆ ಬೇರೆ ಅರ್ಥಗಳಲ್ಲಿ ಬಳಕೆಯಾಗಿದೆ. ಏಕೋತ್ತರಶತಸ್ಥಲದಲ್ಲಿ ಮೊದಲನೆಯದು ಪಿಂಡಸ್ಥಲ. ಅದರ ಹೆಸರನ್ನು ಕೇಳಿದೊಡನೆ ಗರ್ಭಸ್ಥ ಶಿಶುವಿನ ಪ್ರಕರಣವೆಂದು ಭಾವಿಸುವ ವಿದ್ಯಾರ್ಥಿಗಳು ಅನೇಕರು. 'ಸಿದ್ಧಾಂತ ಶಿಖಾಮಣಿ'ಯ ಪ್ರಕಾರ ಅನೇಕ ಜನ್ಮಗಳ ಪುಣ್ಯದಿಂದ ಪಾಪ ಕ್ಷಯಿಸಿ ಅಂತಃಕರಣ ಶುದ್ಧವಾದ ದೇಹಿಗೆ ಪಿಂಡನೆಂದು ಹೆಸರು. ಇದು ಸಾಧಕನ ಮೊದಲ ಮೆಟ್ಟಿಲು. ಭ್ರೂಣದ ಮೊದಲ ಅವಸ್ಥೆಯಲ್ಲ. ಆಯುರ್ವೇದದಲ್ಲಿ ಈ ಪದದ ದಾರಿಯೇ ಬೇರೆ. ಎರಡನೆಯ ತಿಂಗಳಲ್ಲಿ ಗರ್ಭವು ಉಂಡೆಯಂತೆ ಗಟ್ಟಿಯಾದರೆ ಪಿಂಡವೆಂದೂ ಅದು ಗಂಡಿನ ಕುರುಹೆಂದೂ, ನೀಳವಾದರೆ ಪೇಶಿಯೆಂದೂ ಅದು ಹೆಣ್ಣಿನ ಕುರುಹೆಂದೂ ಚರಕ ಸುಶ್ರುತರು ಹೇಳುತ್ತಾರೆ. ವಚನಗಳಲ್ಲಾದರೋ ಪಿಂಡವೆಂದರೆ ಹುಟ್ಟಲಿರುವ ಯಾವುದೇ ಜೀವಿಯ ಶರೀರ. ಅಲ್ಲಿ ಹೆಣ್ಣು ಗಂಡೆಂಬ ಭೇದವಿಲ್ಲ. ಈ ಸಾಮಾನ್ಯಾರ್ಥ ಸಂಸ್ಕೃತದಲ್ಲಿಯೂ ಇರುವುದರಿಂದ ಇದರ ಮೇಲೆ ದೊಡ್ಡ ಸಿದ್ಧಾಂತವನ್ನು ಕಟ್ಟಲಾಗದು. ಆದರೂ ಮೂರು ಅರ್ಥಗಳನ್ನು ಬೆರೆಸಿ ಒಂದೆಂದು ಸಾಧಿಸುವ ವ್ಯಾಖ್ಯಾನ ಆರಂಭದಲ್ಲಿಯೇ ಎಡವುತ್ತದೆ.

ಇನ್ನು ಶಾಸ್ತ್ರಪರಂಪರೆ. ಗರ್ಭದ ಬೆಳವಣಿಗೆಯನ್ನು ತಿಂಗಳು ತಿಂಗಳಾಗಿ ವಿವರಿಸುವ ಪದ್ಧತಿ ವಚನಯುಗಕ್ಕಿಂತ ಬಹಳ ಹಿಂದಿನದು. ಗರ್ಭೋಪನಿಷತ್ತು ಒಂದು ರಾತ್ರಿಗೆ ಕಲಲ, ಏಳು ರಾತ್ರಿಗೆ ಗುಳ್ಳೆ, ಅರ್ಧಮಾಸಕ್ಕೆ ಪಿಂಡ, ಎರಡು ತಿಂಗಳಿಗೆ ತಲೆ, ಮೂರಕ್ಕೆ ಕಾಲು ಎಂದು ಲೆಕ್ಕ ಕೊಡುತ್ತದೆ. ಸುಶ್ರುತ ಸಂಹಿತೆಯ ಶಾರೀರಸ್ಥಾನದಲ್ಲಿ ಒಂದು ಸ್ವಾರಸ್ಯಕರ ಚರ್ಚೆಯುಂಟು. ಮೊದಲು ಹುಟ್ಟುವ ಅಂಗ ಯಾವುದು? ಶೌನಕನು ತಲೆಯೆಂದನು, ಕೃತವೀರ್ಯನು ಹೃದಯವೆಂದನು, ಪಾರಾಶರ್ಯನು ನಾಭಿಯೆಂದನು, ಮಾರ್ಕಂಡೇಯನು ಕೈಕಾಲುಗಳೆಂದನು. ಧನ್ವಂತರಿಯ ಮತದಲ್ಲಿ ಎಲ್ಲವೂ ಒಟ್ಟಿಗೆ ಹುಟ್ಟುತ್ತವೆ. ಎಳೆಯ ಬಿದಿರಿನ ಮೊಳಕೆಯಲ್ಲಿರುವಂತೆ, ಎಳೆಯ ಮಾವಿನ ಕಾಯಿಯಲ್ಲಿರುವಂತೆ ಸೂಕ್ಷ್ಮವಾದುದರಿಂದ ಕಾಣುವುದಿಲ್ಲ ಅಷ್ಟೆ. ಈ ವಾದದಲ್ಲಿ ಪೂರ್ವಪಕ್ಷಗಳನ್ನು ಹೆಸರಿಸಿ, ಕಾರಣ ಕೊಟ್ಟು, ನಿರಾಕರಿಸುವ ಶಿಸ್ತಿದೆ. ನಮ್ಮ ತತ್ತ್ವಗ್ರಂಥಗಳಲ್ಲಿ ಬರುವ ಸಪ್ತಧಾತು, ಪಂಚಭೂತ ಮೊದಲಾದ ಪರಿಭಾಷೆ ಇಂತಹ ಶಾಸ್ತ್ರಗಳಿಂದ ಬಂದ ಸಾಮಾನ್ಯ ಸ್ವತ್ತು. ಚೆನ್ನಬಸವಣ್ಣನವರ ಹೆಸರಿನಲ್ಲಿರುವ 'ಕರಣಹಸಿಗೆ' ಶರೀರದ ತತ್ತ್ವಗಳನ್ನು ವಿಂಗಡಿಸುವುದು ಕೂಡ ಲಿಂಗಾಂಗ ಸಂಬಂಧವನ್ನು ತಿಳಿಸುವುದಕ್ಕಾಗಿಯೇ ಹೊರತು ಪ್ರಸವವೈದ್ಯವನ್ನು ಕಲಿಸುವುದಕ್ಕಲ್ಲ. ಶರಣರು ತಮ್ಮ ಕಾಲದ ಶರೀರಶಾಸ್ತ್ರವನ್ನು ತಿಳಿದಿದ್ದರು, ಬಳಸಿದರು. ಅದನ್ನು ಅವರೇ ಕಂಡುಹಿಡಿದರೆನ್ನುವುದು ಚರಕ ಸುಶ್ರುತರಿಗೂ ಅನ್ಯಾಯ, ಶರಣರಿಗೂ ಅನ್ಯಾಯ.

ಹಾಗಾದರೆ ಶರಣರ ಸ್ವಂತಿಕೆ ಎಲ್ಲಿದೆ? ಅದನ್ನು ತಿಳಿಯಲು ಬಸವಣ್ಣನವರ ಒಂದು ಪ್ರಸಿದ್ಧ ವಚನವನ್ನು ಪರಿಶೀಲಿಸಬೇಕು. ಕಾಯಕದಿಂದ ಒಬ್ಬನು ಕಮ್ಮಾರನಾದ, ಒಬ್ಬನು ಮಡಿವಾಳನಾದ, ಒಬ್ಬನು ನೇಕಾರನಾದ, ವೇದಾಧ್ಯಯನದಿಂದ ಒಬ್ಬನು ಹಾರುವನಾದ, ಕಿವಿಯಿಂದ ಹುಟ್ಟಿ ಬಂದವರು ಜಗತ್ತಿನಲ್ಲಿ ಯಾರೂ ಇಲ್ಲ ಎಂಬ ಭಾಗವನ್ನು ಎಲ್ಲರೂ ಬಲ್ಲರು. ಆದರೆ ಆ ವಚನ ಪ್ರಾರಂಭವಾಗುವುದು ಗರ್ಭದಿಂದ ಎಂಬುದನ್ನು ಸಭೆಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಲೋಕವು ಯಾವುದನ್ನು 'ಹೊಲೆ'ಯೆಂದು ದೂರವಿಡುತ್ತದೆಯೋ ಅದರ ಹೊರತು ಶಿಶುವಿಗೆ ತಂಗುವ ಮನೆಯೇ ದೊರೆಯದೆಂಬುದು ಅಲ್ಲಿನ ಮೊದಲ ಮಾತು. ಬೀಜದ ವ್ಯವಹಾರ ಎಲ್ಲರಿಗೂ ಒಂದೇ, ಆಸೆ ರೋಷ ಹರ್ಷಗಳು ಒಂದೇ, ಧಾತುಗಳು ಸಮ, ಹುಟ್ಟುವ ದಾರಿ ಸಮ. ಹೀಗಿರುವಲ್ಲಿ ಕುಲಜನೆಂಬುದಕ್ಕೆ ಸಾಕ್ಷಿಯೇನು ಎಂದು ವಾದ ಮುಂದುವರಿಯುತ್ತದೆ.

ಇಲ್ಲಿ 'ಹೊಲೆ' ಎಂಬ ಪದಪ್ರಯೋಗ ಅವಧಾರ್ಯ. ಅದು ಮುಟ್ಟಿನ ಹೆಸರೂ ಹೌದು, ಊರ ಹೊರಗಿಟ್ಟ ಜನರ ಕುಲದ ಹೆಸರಿಗೆ ಅಂಟಿಸಿದ ಕಳಂಕವೂ ಹೌದು. ಈ ಎರಡು ಮೈಲಿಗೆಗಳನ್ನೂ ಬಸವಣ್ಣನವರು ಒಂದೇ ಶಬ್ದದಲ್ಲಿ ಹಿಡಿದು, ಅದೇ ಎಲ್ಲರ ಮೊದಲ ಆಶ್ರಯವೆಂದು ತೋರಿಸುತ್ತಾರೆ. ಶಾಸ್ತ್ರದಲ್ಲಿ ವರ್ಣನೆಯಾಗಿದ್ದುದು ವಚನದಲ್ಲಿ ನ್ಯಾಯಸ್ಥಾನದ ಪ್ರಮಾಣವಾಯಿತು. ಶರಣರ ಸ್ವಂತಿಕೆ ಇರುವುದು ಈ ಪರಿವರ್ತನೆಯಲ್ಲಿ.

ಇಂದಿನ ವಿಜ್ಞಾನದ ಮುಂದೆ ಈ ವಚನದ ಸ್ಥಿತಿಯೇನು? ಪ್ರಾಮಾಣಿಕವಾಗಿ ಹೇಳಬೇಕಾದರೆ, ಮುಟ್ಟಿನ ರಕ್ತವೇ ಶಿಶುವಿನ ಉಪಾದಾನವೆಂಬ ಹಳೆಯ ತಿಳಿವಳಿಕೆ ಸರಿಯಲ್ಲ. ನಮ್ಮ ಆಯುರ್ವೇದದಂತೆಯೇ ಗ್ರೀಸಿನ ಅರಿಸ್ಟಾಟಲನೂ ಹಾಗೆಯೇ ಎಣಿಸಿದ್ದನು. ಸಸ್ತನಿಗಳ ಅಂಡಾಣುವನ್ನು ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಎಂಬ ವಿಜ್ಞಾನಿ ಕಂಡು ಪ್ರಕಟಿಸಿದ್ದು ೧೮೨೭ರಲ್ಲಿ. ಅಂಡನಾಳದಲ್ಲಿ ಅಂಡಾಣುವೂ ವೀರ್ಯಾಣುವೂ ಕೂಡಿ, ಸುಮಾರು ಒಂದು ವಾರದೊಳಗೆ ಆ ಕಣಸಮೂಹ ಗರ್ಭಕೋಶವನ್ನು ಸೇರಿ ಅದರ ಒಳಪದರದಲ್ಲಿ ನೆಲೆಯೂರುತ್ತದೆ. ಆ ಒಳಪದರವಾದರೋ, ಗರ್ಭ ನಿಲ್ಲದ ತಿಂಗಳಲ್ಲಿ ಕಳಚಿ ಮುಟ್ಟಾಗಿ ಹರಿದುಹೋಗುವ ಪದರವೇ ಆಗಿದೆ. ಉಪಾದಾನದ ವಿಷಯದಲ್ಲಿ ಹಳೆಯ ಶಾಸ್ತ್ರ ತಪ್ಪಿತು. ಆಶ್ರಯದ ವಿಷಯದಲ್ಲಿ ವಚನದ ವಾದ ಅಳಿಯಲಿಲ್ಲ. ಹಾಗೆಂದು ಗರ್ಭಕೋಶದ ಒಳಪದರವನ್ನು ಬಸವಣ್ಣನವರು ಕಂಡಿದ್ದರೆಂದು ಹೇಳಬೇಕಾಗಿಲ್ಲ. ಅವರ ವಾದಕ್ಕೆ ಅದು ಬೇಕಾಗಿಯೂ ಇರಲಿಲ್ಲ.

ಇಂತಹದೇ ಇನ್ನೊಂದು ನಿದರ್ಶನ ಜೇಡರ ದಾಸಿಮಯ್ಯನ ವಚನ. ಗರ್ಭದ ಕೂಸು ತಾಯಿಯ ಮುಖವನ್ನು ಕಾಣದು, ತಾಯಿಯೂ ಕೂಸಿನ ಮುಖವನ್ನು ಕಾಣಳು. ಮಾಯೆಗೊಳಗಾದ ಭಕ್ತನಿಗೂ ದೇವರಿಗೂ ನಡುವೆ ಇರುವುದು ಅಂತಹದೇ ಅರಿಯದಿರುವಿಕೆ ಎಂಬುದು ಅದರ ಭಾವ. ಈಗ ಸ್ಕ್ಯಾನಿಂಗ್ ಯಂತ್ರದ ಪರದೆಯ ಮೇಲೆ ಕೂಸಿನ ಮುಖದ ನೆರಳು ಕಾಣುತ್ತದೆ. ಆರನೆಯ ತಿಂಗಳ ವೇಳೆಗೆ ಕೂಸಿಗೆ ಕಿವಿ ಕೇಳತೊಡಗುತ್ತದೆ. ನವಜಾತ ಶಿಶುಗಳು ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿಯನ್ನೇ ಬಯಸುತ್ತವೆಂದು ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಇಬ್ಬರು ೧೯೮೦ರಲ್ಲಿ ಪ್ರಯೋಗದಿಂದ ತೋರಿಸಿದರು. ದೃಷ್ಟಾಂತದ ಸಂಗತಿ ಸ್ವಲ್ಪ ಬದಲಾಯಿತು. ದಾರ್ಷ್ಟಾಂತಿಕಕ್ಕೆ ಇದರಿಂದ ಕುಂದಿಲ್ಲ. ಒಂದೇ ಉಸಿರನ್ನು ಹಂಚಿಕೊಂಡು ಇರುವವರೂ ಒಬ್ಬರನ್ನೊಬ್ಬರು ಅರಿಯದೆ ಇರಬಹುದೆಂಬ ಮಾತು ಯಂತ್ರದಿಂದ ಸುಳ್ಳಾಗುವಂತಹದಲ್ಲ.

ಅದೇ ದಾಸಿಮಯ್ಯನೂ ಗೊಗ್ಗವ್ವೆಯೂ ಹೇಳುವ ಮತ್ತೊಂದು ಮಾತಿದೆ: ಹೆಣ್ಣೆಂಬುದು ಗಂಡೆಂಬುದು ಮೈಯ ಗುರುತುಗಳಿಂದ ಲೋಕ ಕೊಟ್ಟ ಹೆಸರು, ಒಳಗಿನ ಆತ್ಮಕ್ಕೆ, ಅರಿವಿಗೆ ಆ ಭೇದವಿಲ್ಲ. ಗರ್ಭದ ಮೊದಲ ಆರು ವಾರಗಳವರೆಗೆ ಹೆಣ್ಣು ಗಂಡುಗಳ ಜನನಗ್ರಂಥಿ ನೋಡುವುದಕ್ಕೆ ಒಂದೇ ಬಗೆಯದಾಗಿರುತ್ತದೆ. ಆ ಬಳಿಕ ತಂದೆಯಿಂದ ಬಂದ ವರ್ಣತಂತುವಿನ ಮೇಲಿನ ಜೀನಿನ ಪ್ರೇರಣೆಯಿಂದ ಅದು ಗಂಡಾಗಿ ತಿರುಗುತ್ತದೆ, ಇಲ್ಲವಾದರೆ ಹೆಣ್ಣಾಗಿ ಬೆಳೆಯುತ್ತದೆ. ಆ ಜೀನನ್ನು ಗುರುತಿಸಿದ್ದು ೧೯೯೦ರಲ್ಲಿ. ಈ ಸಂಗತಿಯನ್ನು ದಾಸಿಮಯ್ಯನ ವಚನಕ್ಕೆ ಅಂಟಿಸಿ 'ನೋಡಿ, ಅಂದೇ ಹೇಳಿದ್ದರು' ಎನ್ನುವ ಆಸೆ ನಮ್ಮಲ್ಲಿ ಯಾರಿಗಾದರೂ ಹುಟ್ಟೀತು. ಹಾಗೆ ಹೇಳಿದೊಡನೆ ಆತ್ಮವನ್ನು ಕುರಿತ ಮಾತು ಗ್ರಂಥಿಯನ್ನು ಕುರಿತ ಮಾತಾಗಿ ಇಳಿದುಹೋಗುತ್ತದೆ. ಏಳನೆಯ ವಾರದ ನಂತರ ಆ ವಚನ ಸುಳ್ಳಾಯಿತೇ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಕಷ್ಟವಾದೀತು. ಶರಣನ ಮಾತು ಎಲ್ಲ ವಾರಗಳಲ್ಲಿಯೂ ಸಲ್ಲುವಂತಹುದು.

ನಮ್ಮ ಸಾಹಿತ್ಯದಲ್ಲಿ ಎಲ್ಲವೂ ಈ ಎತ್ತರದಲ್ಲಿಲ್ಲವೆಂಬುದನ್ನೂ ಹೇಳಬೇಕು. ವೈರಾಗ್ಯಬೋಧೆಗಾಗಿ ಗರ್ಭವಾಸವನ್ನು ನರಕವೆಂದು, ಮಲಮೂತ್ರಗಳ ಬಾವಿಯೆಂದು ಬಣ್ಣಿಸುವ ಧಾಟಿ ಭಾರತದ ಭಕ್ತಿಸಾಹಿತ್ಯದಲ್ಲೆಲ್ಲ ಹಬ್ಬಿದೆ; ಕನ್ನಡದ ತತ್ತ್ವಪದಗಳೂ ಅದಕ್ಕೆ ಹೊರತಲ್ಲ. ಭವದಲ್ಲಿ ಹೇಸಿಕೆ ಹುಟ್ಟಿಸುವುದು ಆ ವರ್ಣನೆಯ ಉದ್ದೇಶವೆಂದು ಸಮರ್ಥಿಸಬಹುದು. ಆದರೆ ಹೇಸಿಕೆ ಭವದ ಮೇಲೆ ಮಾತ್ರ ನಿಲ್ಲದೆ ಹೆಂಗಸಿನ ಒಡಲಿನ ಮೇಲೂ ಬೀಳುತ್ತದೆ. ಬಸವಣ್ಣನವರ ವಚನದಲ್ಲಿ ಆಶ್ರಯವಾಗಿದ್ದುದು ಇಲ್ಲಿ ಸೆರೆಮನೆಯಾಗುತ್ತದೆ. ಇವೆರಡನ್ನೂ ಒಂದೇ ಪೀಠದ ಮೇಲೆ ಕೂರಿಸಿ ಎರಡಕ್ಕೂ ಸಮಾನ ಪೂಜೆ ಸಲ್ಲಿಸುವುದು ವಿಮರ್ಶೆಯ ಲಕ್ಷಣವಲ್ಲ.

ಪುರಾಣದ ವಿಷಯದಲ್ಲಿ ಓದುವ ರೀತಿ ಬೇರೆ. ಪಾಲ್ಕುರಿಕೆ ಸೋಮನಾಥನ ತೆಲುಗು 'ಬಸವಪುರಾಣ'ದಲ್ಲಿ ಮಾದಾಂಬೆ ಬಸವನನ್ನು ಮೂರು ವರ್ಷ ಗರ್ಭದಲ್ಲಿ ಹೊರುತ್ತಾಳೆ. ಮನುಷ್ಯಗರ್ಭದ ಅವಧಿ ಕೊನೆಯ ಮುಟ್ಟಿನಿಂದ ಎಣಿಸಿದರೆ ಸುಮಾರು ೨೮೦ ದಿನ. ಪುರಾಣಕಾರನಿಗೆ ಇದು ತಿಳಿಯದೆ ಇರಲಿಲ್ಲ. ತಿಳಿದೇ ಅವನು ಲೆಕ್ಕವನ್ನು ಮುರಿದನು. ಬರುವವನು ಸಾಮಾನ್ಯನಲ್ಲವೆಂಬುದೇ ಆ ಮುರಿತದ ಅರ್ಥ. ಪುರಾಣವನ್ನು ಪುರಾಣವಾಗಿ ಓದಬಲ್ಲ ನಾವು ವಚನವನ್ನು ವಚನವಾಗಿ ಓದಲು ಏಕೆ ಹಿಂಜರಿಯಬೇಕು?

ಗರ್ಭವನ್ನು ಕುರಿತ ಇನ್ನೊಂದು ಸಾಹಿತ್ಯ ನಮ್ಮ ಹಳ್ಳಿಗಳಲ್ಲಿಯೇ ಇದೆ. ಅದು ಬಯಕೆಯ ಹಾಡು. ಹೇಮಾವತಿಯ ದಂಡೆಯ ಗೊರೂರು ರಾಮಸ್ವಾಮಿ ಅಯ್ಯಂಗಾರರು 'ಹಳ್ಳಿಯ ಹಾಡುಗಳು' ಎಂದು ಸಂಗ್ರಹಿಸಿದ ಸೀಮೆಯಿದು, ಸಕಲೇಶಪುರದ ಎಸ್. ಕೆ. ಕರೀಂಖಾನರು ಊರೂರು ಅಲೆದು ಜನಪದ ಗೀತೆಗಳನ್ನು ಕೂಡಿಸಿದ ಜಿಲ್ಲೆಯಿದು. ಬಸುರಿಯ ಹಾಡುಗಳಲ್ಲಿ ತಿಂಗಳ ಎಣಿಕೆ ಗರ್ಭೋಪನಿಷತ್ತಿನಂತೆಯೇ ಕ್ರಮವಾಗಿ ಸಾಗುತ್ತದೆ. ಆದರೆ ಅಲ್ಲಿ ಎಣಿಕೆಯಾಗುವುದು ಕೂಸಿನ ಅಂಗಗಳಲ್ಲ, ತಾಯಿಯ ಬಯಕೆಗಳು: ಈ ತಿಂಗಳಿಗೆ ಹುಳಿ, ಮುಂದಿನ ತಿಂಗಳಿಗೆ ಹಣ್ಣು, ಆಮೇಲೆ ತವರಿನ ದಾರಿ. ಶಾಸ್ತ್ರ ಮರೆತುದನ್ನು ಹಾಡು ನೆನೆಯಿತೆನ್ನುವಂತಿಲ್ಲ, ಏಕೆಂದರೆ ಸುಶ್ರುತನೂ ನಾಲ್ಕನೆಯ ತಿಂಗಳಲ್ಲಿ ಗರ್ಭಿಣಿಗೆ ತನ್ನದೊಂದು, ಕೂಸಿನದೊಂದು ಎಂದು ಎರಡು ಹೃದಯಗಳಾಗುತ್ತವೆ, ಆಕೆಯ ಬಯಕೆಯನ್ನು ಅಲಕ್ಷಿಸಬಾರದು ಎನ್ನುತ್ತಾನೆ. ಆದರೂ ಗರ್ಭಿಣಿಯ ಬಾಯಿಂದಲೇ ಗರ್ಭದ ಕಥೆ ಬರುವುದು ಹಾಡಿನಲ್ಲಿ ಮಾತ್ರ. ಪಿಂಡವಿಚಾರವನ್ನು ಓದುವ ವಿದ್ಯಾರ್ಥಿ ಈ ಹಾಡುಗಳನ್ನು ಪಕ್ಕದಲ್ಲಿಟ್ಟುಕೊಂಡು ಓದಬೇಕೆಂಬುದು ನನ್ನ ವಿಜ್ಞಾಪನೆ.

ಹಾಡಿಗೂ ಮಿತಿಯುಂಟು. ಕೆಮ್ಮಣ್ಣಿನ ಮೇಲೆ, ಬೂದಿಯ ಮೇಲೆ ಮನಸ್ಸು ಹೋಗುವುದು ಅನೇಕ ವೇಳೆ ರಕ್ತಹೀನತೆಯ ಲಕ್ಷಣ. ಅದನ್ನು ಬಯಕೆಯೆಂದು ತೀರಿಸದೆ ವೈದ್ಯರಲ್ಲಿಗೆ ಹೋಗಬೇಕು. ಕೂಸಿನ ಮಿದುಳು ಬೆನ್ನುಹುರಿಗಳಾಗುವ ನಾಳ ಗರ್ಭ ನಿಂತ ನಾಲ್ಕು ವಾರಗಳಲ್ಲಿಯೇ ಮುಚ್ಚಿಕೊಳ್ಳುತ್ತದೆ. ಹೃದಯ ಸುಮಾರು ೨೨ನೆಯ ದಿನಕ್ಕೆ ಮಿಡಿಯತೊಡಗುತ್ತದೆ. ಎಂಟು ವಾರಗಳೊಳಗೆ ಮುಖ್ಯ ಅಂಗಗಳೆಲ್ಲ ಮೊಳೆತಿರುತ್ತವೆ. ಅನೇಕ ಹೆಣ್ಣುಮಕ್ಕಳಿಗೆ ತಾವು ಬಸುರಿಯೆಂದು ತಿಳಿಯುವ ಹೊತ್ತಿಗೆ ಇಷ್ಟು ಕೆಲಸ ಆಗಿಹೋಗಿರುತ್ತದೆ. ಫೋಲಿಕ್ ಆಮ್ಲದ ಮಾತ್ರೆಯನ್ನು ಗರ್ಭಕ್ಕೆ ಮೊದಲೇ ಆರಂಭಿಸಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ. ಅರಕಲಗೂಡಿನ ರಾಮನಾಥಪುರ, ಕೊಣನೂರು ಕಡೆ ಹೊಗೆಸೊಪ್ಪಿನ ಹೊಲಗಳುಂಟು. ಒದ್ದೆ ಎಲೆಯನ್ನು ಬರಿಗೈಯಲ್ಲಿ ಕೀಳುವಾಗ ನಿಕೋಟಿನ್ ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ, ಮಾಸುವನ್ನು ದಾಟಿ ಕೂಸನ್ನೂ ಮುಟ್ಟುತ್ತದೆ. ಬಸುರಿಯರು ಆ ಕೆಲಸದಿಂದ ದೂರವಿರಬೇಕು. ಇವೆಲ್ಲ ವಚನದಲ್ಲಿ ಸಿಗುವ ವಿಷಯಗಳಲ್ಲ. ಆಶಾ ಕಾರ್ಯಕರ್ತೆ ತಂದುಕೊಡುವ ತಾಯಿ ಕಾರ್ಡಿನಲ್ಲಿ, ಆರೋಗ್ಯ ಕೇಂದ್ರದ ದಾದಿಯ ಮಾತಿನಲ್ಲಿ ಸಿಗುವಂತಹವು. ಶಾಲೆಗಳಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ 'ಮನೆಯಲ್ಲಿ ಓದಿಕೊಳ್ಳಿ' ಎಂದು ಪುಟ ಮಗುಚುವ ವಾಡಿಕೆ ಇನ್ನೂ ಹೋಗಿಲ್ಲ. ಎಲ್ಲವೂ ವಚನದಲ್ಲಿದೆ ಎಂಬ ಮಾತು ಆ ವಾಡಿಕೆಗೆ ಒಂದು ನೆಪವಾಗದಿರಲಿ.

ಈಗ ಈ ವಿವೇಚನೆಯ ಮುಖ್ಯ ಅಂಶಕ್ಕೆ ಬರೋಣ. ಗರ್ಭಕ್ಕೆ ಎಂಟನೆಯ ತಿಂಗಳಲ್ಲಿ ಲಿಂಗಧಾರಣೆ ಮಾಡುವ ಸಂಸ್ಕಾರ ವೀರಶೈವ ಸಂಪ್ರದಾಯದಲ್ಲಿದೆ. ಕೂಸಿನ ಮುಖವನ್ನು ಯಾರೂ ಕಂಡಿಲ್ಲ. ಹೆಣ್ಣೋ ಗಂಡೋ ತಿಳಿಯದು. ಕೊಡುವ ಗುರು ಅದನ್ನು ಕೇಳುವುದಿಲ್ಲ, ಪಡೆಯುವ ತಾಯಿ ಹೇಳಬೇಕಾಗಿಲ್ಲ. ಮೂರನೆಯ ತಿಂಗಳ ಸುಮಾರಿಗೆ ಗಂಡುಮಗುವನ್ನೇ ಬಯಸಿ ನಡೆಸುವ ಪುಂಸವನವೆಂಬ ವೈದಿಕ ಸಂಸ್ಕಾರವನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ಸ್ಪಷ್ಟವಾಗುತ್ತದೆ. ಒಳಗಿರುವುದು ಯಾವುದೇ ಆಗಲಿ, ಅದು ಲಿಂಗಕ್ಕೆ ಅರ್ಹ ಎಂಬುದು ನಮ್ಮ ಸಂಸ್ಕಾರದ ತಾತ್ಪರ್ಯ.

ಕನ್ನಡದಲ್ಲಿ 'ಲಿಂಗ' ಎಂಬ ಪದಕ್ಕೆ ಹೆಣ್ಣು ಗಂಡೆಂಬ ಗುರುತು ಎಂಬ ಅರ್ಥವೂ ಇದೆ. ಲಿಂಗಧಾರಣೆ ಒಂದು, ಲಿಂಗಪತ್ತೆ ಇನ್ನೊಂದು. ಎರಡೂ ಗರ್ಭಕ್ಕೆ ಸಂಬಂಧಿಸಿದವು; ಒಂದು ಕೂಸನ್ನು ನೋಡದೆಯೇ ಒಪ್ಪಿಕೊಳ್ಳುತ್ತದೆ, ಇನ್ನೊಂದು ನೋಡಿ ತಳ್ಳುತ್ತದೆ. ಪ್ರಸವಪೂರ್ವ ಲಿಂಗಪತ್ತೆಯನ್ನು ೧೯೯೪ರ ಕಾಯಿದೆ ನಿಷೇಧಿಸಿದೆ. ಆದರೂ ನಮ್ಮ ಚನ್ನರಾಯಪಟ್ಟಣಕ್ಕೆ ನೆರೆಯಾದ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಈ ದಂಧೆ ನಡೆಸುತ್ತಿದ್ದ ಜಾಲ ೨೦೨೩ರ ಕೊನೆಯಲ್ಲಿ ಬಯಲಿಗೆ ಬಂದಿತು. ಬೆಲ್ಲ ಕಾಯಿಸುವ ಮನೆಯಲ್ಲಿ ಹೆಣ್ಣುಕೂಸುಗಳ ಲೆಕ್ಕ ಮುಗಿಯುತ್ತಿತ್ತು. ೨೦೧೧ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ ಇದ್ದ ಹೆಣ್ಣುಮಕ್ಕಳು ೯೪೮. ಆ ಕೊರತೆಯ ಮನೆಗಳಲ್ಲಿ ಕೊರಳಲ್ಲಿ ಇಷ್ಟಲಿಂಗವಿರುವ ಮನೆಗಳು ಒಂದೂ ಇಲ್ಲವೆಂದು ಎದೆಮುಟ್ಟಿ ಹೇಳಬಲ್ಲೆವೇ? ಹೆಣ್ಣು ಹುಟ್ಟಿತೆಂದು ಸೊಸೆಯನ್ನು ಹಳಿಯುವ ಮನೆಯವರಿಗೆ, ಹೆಣ್ಣು ಗಂಡನ್ನು ನಿರ್ಣಯಿಸುವ ವರ್ಣತಂತು ತಂದೆಯದೆಂದು ವಿಜ್ಞಾನ ಹೇಳುತ್ತದೆ. ಹಳಿಯುವುದಕ್ಕೇ ಕಾರಣವಿಲ್ಲವೆಂದು ವಚನ ಹೇಳುತ್ತದೆ. ಎರಡು ಉತ್ತರಗಳೂ ಬೇಕು. ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಸೂತಕದ ಮಾತೂ ಇದಕ್ಕೆ ಸೇರಿದ್ದು. ಜಾತಿ, ಜನನ, ರಜಸ್ಸು, ಉಚ್ಛಿಷ್ಟ, ಪ್ರೇತ ಎಂಬ ಐದು ಸೂತಕಗಳನ್ನೂ ಶರಣಧರ್ಮ ಅಲ್ಲಗಳೆಯಿತು. ೨೦೨೩ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಸೂತಕವೆಂದು ಊರ ಹೊರಗಿನ ಗುಡಿಸಲಿನಲ್ಲಿ ಇರಿಸಿದ್ದ ಬಾಣಂತಿಯ ಹಸುಗೂಸು ಚಳಿಮಳೆಗೆ ಸಿಕ್ಕಿ ತೀರಿಕೊಂಡಿತು. ಅದನ್ನು ಕೇಳಿ ಆ ಜನರ ಅಜ್ಞಾನವೆಂದು ಮಾತು ಮುಗಿಸುವುದು ಸುಲಭ. ನಮ್ಮ ಅನೇಕ ಮನೆಗಳಲ್ಲಿ ಮುಟ್ಟಾದವಳು ಪೂಜೆಯ ಕೋಣೆಯ ಹೊಸ್ತಿಲು ದಾಟುವುದಿಲ್ಲ. ಬಾಣಂತಿಯಿರುವ ಮನೆಯಲ್ಲಿ ಪುರುಡಿನ ದಿನಗಳನ್ನು ಎಣಿಸುತ್ತಾರೆ. ಗುಡಿಸಲು ಊರ ಹೊರಗಿಲ್ಲ, ಮನೆಯೊಳಗಿದೆ ಎಂಬಷ್ಟೇ ಭೇದ. ಬಸವಣ್ಣನವರ ವಚನವನ್ನು ಕಂಠಪಾಠ ಒಪ್ಪಿಸುವ ಮಕ್ಕಳಿಗೆ ಅದರ ಮೊದಲ ಮಾತಿನ ಅರ್ಥವನ್ನು ಮನೆಯವರು ವಿವರಿಸಿದರೆ ಆ ಎಣಿಕೆ ಅಂದೇ ನಿಲ್ಲಬೇಕಾದೀತು.

ಒಟ್ಟಿನಲ್ಲಿ ಹೇಳುವುದಾದರೆ, ಗರ್ಭದಲ್ಲಿ ಕೂಸು ಹೇಗೆ ಬೆಳೆಯುತ್ತದೆಂಬುದನ್ನು ವೈದ್ಯಶಾಸ್ತ್ರ ಹೇಳಲಿ; ಅದು ನಿನ್ನೆ ಹೇಳಿದ್ದನ್ನು ಇಂದು ತಿದ್ದಿಕೊಳ್ಳಲು ನಾಚುವುದಿಲ್ಲ, ಅದೇ ಅದರ ಘನತೆ. ಹೊರುವವಳಿಗೆ ಏನಾಗುತ್ತದೆಂಬುದನ್ನು ಹಾಡು ಹೇಳಲಿ. ಬರುವ ಕೂಸನ್ನೂ ಹೊತ್ತವಳನ್ನೂ ನಾವು ಹೇಗೆ ಕಾಣಬೇಕೆಂಬುದನ್ನು ವಚನ ಹೇಳುತ್ತದೆ. ಕೆರೆಯ ಪದ್ಮರಸನು 'ದೀಕ್ಷಾಬೋಧೆ'ಯನ್ನು ರಚಿಸಿದ ಹೊಯ್ಸಳರ ಈ ನೆಲದಲ್ಲಿ ವಚನಾಭ್ಯಾಸಕ್ಕೆ ಕೊರತೆಯಿಲ್ಲ. ಆ ಅಭ್ಯಾಸವು ಶರಣರಿಗೆ ಬೇಡದ ಬಿರುದುಗಳನ್ನು ಹುಡುಕುವುದನ್ನು ಬಿಟ್ಟು, ಅವರು ನಮ್ಮನ್ನು ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿ ತೊಡಗಲೆಂದು ಸಹೃದಯ ವಾಚಕರಲ್ಲಿ ಬಿನ್ನವಿಸುತ್ತೇನೆ.